ರಾಕ್ಷಸನಿಗೆ ಮೈಸೂರ್ ಪಾಕ್

ಹುಡುಗಿ ಎಂಬಿಬಿಎಸ್ ಮುಗಿಸಿದಳೆಂದರೆ ಹೆರಿಗೆ ಡಾಕ್ಟರೇ ಆಗಬೇಕು ಎಂದು ಎಪ್ಪತ್ತರ ದಶಕದ ಬೊಂಬಾಯಿಯಲ್ಲಿ ಎಲ್ಲರೂ ಸೇರಿ ತೀರ್ಮಾನ ಮಾಡಿಬಿಟ್ಟಿದ್ದರು. ನಾನು ಮಕ್ಕಳ ಡಾಕ್ಟರ್ ಆಗುತ್ತೇನೆ ಅಂದಾಗ ಅಮ್ಮ, "ಹೆರಿಗೆ ಮಾಡಿಸಿದವಳ ಹತ್ತಿರವೇ ಮಗುವನ್ನೂ ತರ್ತಾರೆ ಮಾರಾಯ್ತಿ, ಒಂದು ಕಲಿತರೆ ಎರಡೂ ಆಯ್ತಲ್ಲ!" ಎಂದಳು. ನಾನು ಊಟ ಬಿಟ್ಟು, ಮಾತು ಬಿಟ್ಟು, ಹೇಗೋ ಗೆದ್ದೆ. ಗೆದ್ದ ಮೇಲೆ ಗೊತ್ತಾಯಿತು, ನಿಜವಾದ ತಲೆನೋವು ಮುಂದಿದೆ ಎಂದು.

ಹೌಸ್ ಪೋಸ್ಟ್ ಅಂದರೆ ಆಸ್ಪತ್ರೆಯಲ್ಲೇ ಉಳಿದು, ಕತ್ತೆ ಚಾಕರಿ ಮಾಡುತ್ತ ಕಲಿಯುವುದು. ಆರಿಸುವ ದಿನ ಎಲ್ಲರೂ ಕಾಲೇಜಿನ ಹಾಲಿಗೆ ಹೋಗಬೇಕು. ಕಪ್ಪುಹಲಗೆಯ ಮೇಲೆ ಖಾಲಿ ಜಾಗಗಳನ್ನು ಬರೆದಿರುತ್ತಾರೆ. ಹೆಚ್ಚು ಮಾರ್ಕಿನವರನ್ನು ಮೊದಲು ಕರೆಯುತ್ತಾರೆ. ನೀವು ಬಾಯಿಬಿಟ್ಟು ಒಂದು ಜಾಗ ಹೇಳಿದ ಕೂಡಲೇ ಅದನ್ನು ಒರೆಸುತ್ತಾರೆ, ಮುಗಿಯಿತು. ಮತ್ತೆ ಅತ್ತರೂ ಇಲ್ಲ, ಕರೆದರೂ ಇಲ್ಲ.

ಮಕ್ಕಳ ವಿಭಾಗಕ್ಕೆ ಮೂರು ಆಸ್ಪತ್ರೆಗಳಿದ್ದವು. ಒಂದು ದೊಡ್ಡಾಸ್ಪತ್ರೆ, ಮಂಚಕ್ಕೆರಡು ಮಕ್ಕಳು, ಮಂಚದ ಕೆಳಗೆ ತಾಯಂದಿರು. ಇನ್ನೊಂದು ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಿಂದ ನಡೆದೇ ಹೋಗಬಹುದಾದ ಸಣ್ಣ ಆಸ್ಪತ್ರೆ. ಮೂರನೆಯದು ಕಾಂದಿವಲಿಯಾಚೆ. ಅಮ್ಮ ಕಾಂದಿವಲಿಯ ಪರ. ಕಾರಣ ಕೇಳಿದರೆ, "ಬೆಳಿಗ್ಗೆ ಆ ಕಡೆ ಹೋಗುವ ಲೋಕಲ್ ರೈಲು ಖಾಲಿ ಇರ್ತದೆ, ಕೂತ್ಕೊಂಡು ಹೋಗ್ಲಿಕ್ಕೆ ಆಗ್ತದೆ." ಅಯ್ಯೋ ರಾಮ, ಅಲ್ಲೇ ಉಳಿಯುವವಳಿಗೆ ದಿನಾ ಎಂಥ ಲೋಕಲ್!

ಅಪ್ಪಯ್ಯ ಸಣ್ಣ ಹೋಟೆಲು ನಡೆಸುತ್ತಿದ್ದರು. ಅವರು ಮೂರೂ ಆಸ್ಪತ್ರೆಗಳ ಮೆಸ್ಸಿಗೆ ಹೋಗಿ ಉಂಡು ಬಂದರು. ದೊಡ್ಡಾಸ್ಪತ್ರೆಯ ಸಾರಿನ ಬಗ್ಗೆ ಅವರು ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಹತ್ತಿರದ ಆಸ್ಪತ್ರೆಯ ಸಾರೂ ಅಷ್ಟಕ್ಕಷ್ಟೇ, ಆದರೆ ಅಲ್ಲಿಗೆ ಮನೆಯಿಂದಲೇ ಬಿಸಿ ಊಟ ಕಳಿಸಬಹುದಲ್ಲ! ಹಾಗಾಗಿ ಅದಕ್ಕೇ ಮೊದಲ ನಂಬರ್ ಎಂದು ಸಾರಿಬಿಟ್ಟರು.

ನನಗೆ ದೊಡ್ಡಾಸ್ಪತ್ರೆಯೇ ಬೇಕಿತ್ತು. ಅಲ್ಲಿನ ಚೀಫ್ ಅಂದರೆ ಎಲ್ಲರಿಗೂ ನಡುಕ. ಇಂಟರ್ನ್‌ಶಿಪ್ಪಿನಲ್ಲಿ ಅವರ ಕೈಕೆಳಗೆ ಇದ್ದಾಗ ನಾನೂ ಮನೆಗೆ ಬಂದು, "ಆ ಮನುಷ್ಯ ಶುದ್ಧ ರಾಕ್ಷಸ" ಎಂದು ಸಿಟ್ಟು ಕಾರಿಕೊಂಡಿದ್ದೆ. ಅಪ್ಪಯ್ಯ ಅದನ್ನು ಮರೆತಿರಲಿಲ್ಲ.

ಆದರೆ ಅದೇ ವಾರ್ಡಿನಲ್ಲಿ ಒಂದು ದಿನ ವಿಜಾಪುರದ ಕಡೆಯ ಹೆಂಗಸು ಮಗುವನ್ನು ಎತ್ತಿಕೊಂಡು ಬಂದಳು. ಕಟ್ಟಡದ ಕೆಲಸದವಳು, ಕನ್ನಡ ಬಿಟ್ಟು ಬೇರೆ ಬಾರದು. ಡ್ಯೂಟಿಯ ಡಾಕ್ಟರು, "ಇವಳಿಗೆ ಏನೂ ತಿಳಿಯುವುದಿಲ್ಲ" ಎಂದು ಮುಂದಿನ ಮಂಚಕ್ಕೆ ಹೋದರು. ಚೀಫ್ ನನ್ನನ್ನು ಕರೆದು, ಅವಳ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತರು. "ಕೂಸು ನಿನ್ನಿಯಿಂದ ಹಾಲು ಕುಡೀವಲ್ದರಿ ಯಕ್ಕಾ" ಎಂದು ಶುರುಮಾಡಿದವಳು ಅತ್ತು, ಮೂಗೊರೆಸಿ, ತನ್ನ ಊರಿನ ಕತೆಯನ್ನೂ ಸೇರಿಸಿ ಹೇಳಿದಳು. ಚೀಫ್ ಎಲ್ಲವನ್ನೂ ನನ್ನಿಂದ ಇಂಗ್ಲಿಷಿಗೆ ಮಾಡಿಸಿಕೊಂಡು, ಒಮ್ಮೆಯೂ ತಡೆಯದೆ ಕೇಳಿದರು. ಆಮೇಲೆ ಎದ್ದು ಹೋಗಿ ಆ ಡಾಕ್ಟರಿಗೆ ಮಂಗಳಾರತಿ ಮಾಡಿದರು. ಕಲಿತರೆ ಇವರ ಹತ್ತಿರವೇ ಎಂದು ನಾನು ಅವತ್ತೇ ನಿಶ್ಚಯಿಸಿದ್ದೆ. ಮನೆಯಲ್ಲಿ ಹೇಳಲು ಧೈರ್ಯ ಬಂದಿರಲಿಲ್ಲ, ಅಷ್ಟೆ.

ಆರಿಸುವ ದಿನ ಅಪ್ಪಯ್ಯ ಇಸ್ತ್ರಿ ಮಾಡಿದ ಶರ್ಟು ಹಾಕಿ, ಬಗಲಲ್ಲಿ ಚೀಲ ಹಿಡಿದು ನನ್ನೊಡನೆ ಹೊರಟರು. ಚೀಲದಲ್ಲಿ ಏನೆಂದು ನಾನು ಕೇಳಲಿಲ್ಲ. ಹೋಟೆಲಿನವರ ಕ್ರಮವೊಂದಿದೆ: ಲೈಸೆನ್ಸಿರಲಿ, ನೀರಿನ ಕನೆಕ್ಷನ್ನಿರಲಿ, ಕೆಲಸ ಆಗುವುದು ಸಾಹೇಬರಿಂದಲ್ಲ, ಹೆಡ್ ಕ್ಲಾರ್ಕಿನಿಂದ. ಮೊದಲು ಬಾಯಿ ಸಿಹಿ, ಆಮೇಲೆ ಮಾತು. ನಾನು ಒಳಗೆ ಹೋದದ್ದೇ ತಡ, ಅಪ್ಪಯ್ಯ ವರಾಂಡದಲ್ಲಿ ಹೆಡ್ ಕ್ಲಾರ್ಕನ್ನು ಹುಡುಕಿದರು. ಮುದುಡಿದ ಶರ್ಟಿನ ಮುದುಕರೊಬ್ಬರು ಬೆಂಚಿನ ಮೇಲೆ ಬಸಿಯಲ್ಲಿ ಚಹಾ ಕುಡಿಯುತ್ತಿದ್ದರಂತೆ. ಇವರೇ ಎಂದುಕೊಂಡು ಮೈಸೂರ್ ಪಾಕಿನ ಡಬ್ಬಿಯನ್ನು ಅವರ ಕೈಗಿಟ್ಟು, ಹಿಂದಿಯಲ್ಲಿ ಎಲ್ಲ ಹೇಳಿಕೊಂಡಿದ್ದರು.

ನನ್ನ ಸರದಿ ಬಂತು. ಮೇಜಿನ ಹಿಂದೆ ನಾಲ್ಕಾರು ಹಿರಿಯರು, ನಡುವೆ ದೊಡ್ಡಾಸ್ಪತ್ರೆಯ ಚೀಫ್. ಅವರ ಮುಂದೆ ನಮ್ಮ ಹೋಟೆಲಿನ ಡಬ್ಬಿ! ಮುಚ್ಚಳದ ತಗ್ಗು ಸಮೇತ ಗುರುತು ಹಿಡಿದೆ. ವಶೀಲಿ ಹಚ್ಚಿದವರನ್ನು ಅವರು ಬಾಗಿಲಿನಿಂದಲೇ ಓಡಿಸುವುದು ಎಲ್ಲರಿಗೂ ಗೊತ್ತು. ಬೇರೆ ಆಸ್ಪತ್ರೆ ಹೇಳಿ ಪಾರಾಗೋಣವೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೂ ದೊಡ್ಡಾಸ್ಪತ್ರೆ ಎಂದೇ ಹೇಳಿದೆ.

"ನಿನ್ನನ್ನು ಅಲ್ಲಿಗೆ ಮಾತ್ರ ಹಾಕಬೇಡಿ ಅಂತ ನಿನ್ನ ತಂದೆ ಈಗಷ್ಟೇ ಕೇಳಿಕೊಂಡರು," ಎಂದರು ಚೀಫ್, ಇಂಗ್ಲಿಷಿನಲ್ಲಿ. "ಅಲ್ಲಿನ ಚೀಫ್ ರಾಕ್ಷಸನಂತೆ. ಅವರಿಗೆ ಯಾರು ಹೇಳಿದ್ದು?"

"ನಾನೇ, ಸರ್."

"ಮತ್ತೆ ಯಾಕೆ ಬರುತ್ತೀ?"

"ನೀವು ಬಯ್ಯುವುದು ಡಾಕ್ಟರುಗಳಿಗೆ ಸರ್. ತಾಯಂದಿರಿಗೆ ಬಯ್ದದ್ದನ್ನು ನಾನು ನೋಡಿಲ್ಲ."

ಅವರು ಎದ್ದು ಹೋಗಿ ಹಲಗೆಯ ಮೇಲಿನ ಸಾಲನ್ನು ತಾವೇ ಒರೆಸಿದರು. ಡಬ್ಬಿಯನ್ನು ನನ್ನತ್ತ ತಳ್ಳಿ, "ಒಂದು ತುಂಡು ತಿಂದಿದ್ದೇನೆ, ಇದನ್ನು ಯಾಕೆ ಕೊಟ್ಟರೆಂದು ಆಗ ಗೊತ್ತಿರಲಿಲ್ಲ," ಎಂದರು.

ಹಿಂದಿರುಗುವಾಗ ಲೋಕಲ್‌ನಲ್ಲಿ ಅಪ್ಪಯ್ಯನಿಗೆ ಎಲ್ಲ ಹೇಳಿದೆ. ಮುದುಕರು ಯಾರೆಂದು ತಿಳಿದಾಗ ಹಣೆ ಚಚ್ಚಿಕೊಂಡು, "ಥೋ!" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಕಿಟಕಿಯಾಚೆ ನೋಡತೊಡಗಿದರು. ಸಣ್ಣವರಿದ್ದಾಗಲೇ ಊರು ಬಿಟ್ಟು ಬಂದು, ಯಾರದೋ ಹೋಟೆಲಿನ ಅಡುಗೆಮನೆಯಲ್ಲಿ ಮಲಗಿ ಬೆಳೆದವರು ಅವರು. ಮಗಳು ಮನೆ ಬಿಟ್ಟು ಎಲ್ಲೋ ಮಲಗುವುದು, ಯಾರದೋ ನೀರುಸಾರು ಉಣ್ಣುವುದು ಅವರಿಗೆ ಸಂಕಟವೆಂದು ನನಗೆ ಆಗ ಹೊಳೆಯಿತು.

ಕಿಟಕಿಯಾಚೆ ನೋಡುತ್ತಲೇ ಕೇಳಿದರು: "ಅಲ್ಲ ಮಗಾ, ನೀನು ಹೀಗೆ ಒಂದು, ಎರಡು ಅಂತ ನಂಬರ್ ಹಾಕುವಾಗ ನಮ್ಮನ್ನು ಎಷ್ಟನೆಯದಕ್ಕೆ ಹಾಕಿದ್ದಿ?"

"ನಿಮ್ಮನ್ನು ಹಾಕಲೇ ಇಲ್ಲ ಅಪ್ಪಯ್ಯ. ನೀವು ಎಲ್ಲಿಗೂ ಹೋಗುವುದಿಲ್ಲವಲ್ಲ."

ಅವರು ಡಬ್ಬಿ ತೆರೆದು ಒಂದು ತುಂಡು ನನಗೆ ಕೊಟ್ಟು, ಒಂದು ತಾವು ಬಾಯಿಗೆ ಹಾಕಿಕೊಂಡರು. "ಹೌದು," ಎಂದರು, "ನಾನೆಲ್ಲಿಗೆ ಹೋಗ್ಲಿಕ್ಕುಂಟು."