ಹಡಗು ಮುಳುಗಿದ ವ್ಯಾಪಾರಿ ಮತ್ತು ನಮ್ಮ ದಲ್ಲಾಳಿಗಳು

ಅವರ ಹುಬ್ಬಿನಲ್ಲಿ ಯಾವಾಗಲೂ ಒಂದಿಷ್ಟು ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಅದರ ಕೆಳಗಿನ ಮುಖ ಮಾತ್ರ ಯಾವುದಕ್ಕೂ ಅಲುಗುತ್ತಿರಲಿಲ್ಲ. ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಅವರು ದಲ್ಲಾಳಿ. ನಾನು ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಚರಿತ್ರೆಯ ಮೇಷ್ಟ್ರು. ಐವತ್ತರ ದಶಕದ ಆರಂಭದ ಮಾತು. ಆಗ ಹತ್ತಿಯ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನೂ ದಲ್ಲಾಳಿಯೂ ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ತಿಳಿಸಬೇಕು. ಸುತ್ತ ನಿಂತವರಿಗೆ ಮುಖ ನೋಡಿ ಏನೂ ಗೊತ್ತಾಗಬಾರದು. ಆ ವಿದ್ಯೆಯಲ್ಲಿ ಇವರನ್ನು ಮೀರಿಸುವವರು ಇರಲಿಲ್ಲ.

ಸಂಜೆ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ, "ಇವತ್ತು ಯಾವ ರಾಜನ್ನ ಸಾಯಿಸಿದ್ರಿ ಮೇಷ್ಟ್ರೇ?" ಎನ್ನುವರು. ಪಾಠ ಪೂರ್ತಿ ಒಪ್ಪಿಸುವ ತನಕ ಬಿಡುತ್ತಿರಲಿಲ್ಲ.

ಆ ವರ್ಷ ನನ್ನ ಹೆಂಡತಿ ಆಲೂರಿನ ತವರಿನಲ್ಲಿ, ಹೆರಿಗೆಯಾದ ಮೂರನೆಯ ದಿನ ತೀರಿಕೊಂಡಳು. ಹೆಣ್ಣುಮಗು ಉಳಿಯಿತು. ಮಣ್ಣು ಮಾಡಿ, ಮಗುವಿನ ಮುಖ ನೋಡದೆ ಬಂದುಬಿಟ್ಟೆ. ಅಳು ಬರಲಿಲ್ಲ. ಉಂಡೆ, ಪಾಠ ಮಾಡಿದೆ, ನಿದ್ದೆಯೂ ಬಂತು. ಅತ್ತೆಯವರ ಕಾಗದಗಳನ್ನು ಒಡೆಯದೆ ಪೆಟ್ಟಿಗೆಗೆ ಹಾಕಿದೆ. ಹೀಗೇ ನಾಲ್ಕು ತಿಂಗಳು. ನಾಚಿಕೆಗೇಡಿನ ಮಾತೆಂದರೆ, ಒಳಗೊಳಗೇ ನನಗೆ ಹೆಮ್ಮೆಯಿತ್ತು. ದಲ್ಲಾಳಿಗಳ ಮುಖ ನನಗೂ ಬಂದಿದೆ ಎಂದುಕೊಂಡಿದ್ದೆ.

ಒಂದು ಸಂಜೆ ಗ್ರೀಸಿನ ಪಾಠ ಹೇಳಿದೆ. ಒಬ್ಬ ವ್ಯಾಪಾರಿ ಹಡಗಿನ ತುಂಬ ನೇರಳೆ ಬಣ್ಣ ತರುತ್ತಿದ್ದ. ಅಥೆನ್ಸಿನ ಹತ್ತಿರ ಹಡಗು ಮುಳುಗಿತು. ಬರಿಗೈಯಲ್ಲಿ ಊರು ಸೇರಿ ಒಂದು ಪುಸ್ತಕದಂಗಡಿಯಲ್ಲಿ ಕೂತ. ಅಂಗಡಿಯವನು ಒಬ್ಬ ಜ್ಞಾನಿಯ ವಿಚಾರ ಓದುತ್ತಿದ್ದ. ಇಂಥವರು ಎಲ್ಲಿ ಸಿಗುತ್ತಾರೆ ಎಂದು ಇವನು ಕೇಳಿದಾಗ, ಬೀದಿಯಲ್ಲಿ ಹೊರಟಿದ್ದ ಒಬ್ಬ ತತ್ತ್ವಜ್ಞಾನಿಯನ್ನು ತೋರಿಸಿ, ಅವನ ಬೆನ್ನು ಹತ್ತು ಎಂದ. ಹಾಗೆ ಹೋದವನು ಮುಂದೆ ಚಿತ್ರ ಬರೆದ ಒಂದು ಪಡಸಾಲೆಯಲ್ಲಿ ತಾನೇ ಪಾಠ ಹೇಳತೊಡಗಿದ. ಪಡಸಾಲೆಗೆ ಗ್ರೀಕಿನಲ್ಲಿ ಸ್ಟೋವಾ ಅನ್ನುತ್ತಾರೆ; ಆ ಹೆಸರೇ ಅವನ ಶಿಷ್ಯರಿಗೆ ನಿಂತಿತು, ಸ್ಟೋಯಿಕರು ಎಂದು.

"ಹಡಗು ಮುಳುಗಿದ್ದೇ ಒಳ್ಳೇದಾತು ಅಂದನಂತೆ. ಸುಖ ಬರಲಿ, ದುಃಖ ಬರಲಿ, ಅಲುಗಬಾರದು ಅಂತ ಅವರ ಮತ. ನಿಮ್ಮ ಹಂಗ" ಎಂದೆ.

ಅವರು ಸುಣ್ಣದ ಡಬ್ಬಿ ಮುಚ್ಚಿ ತಮ್ಮ ಮುಖ ತೋರಿಸಿದರು. "ನನ್ನ ಹಂಗ? ಇದು ರೇಟು ತಿಳೀಬಾರದಂತ ಇಟ್ಕೊಂಡ ಮಾರಿ, ಮೇಷ್ಟ್ರೇ. ಮನಿಗೆ ಬಂದು ನಾನೂ ಅಳ್ತೀನಿ. ನಮ್ಮ ಮನಿಯಾಕಿನ್ನ ಕೇಳ್ರಿ." ಎಲೆ ಮಡಚುತ್ತ, "ಆತ ಅಂಗಡ್ಯಾಗಿಂದ ಎದ್ದು ಹೋದನಲ್ಲ, ಅದು ಕತಿ. ನೀವು ಮುಳುಗಿದ ಹಡಗಿನಾಗೇ ಕುಂತೀರಿ. ಕೂಸು ಏನು ತಪ್ಪು ಮಾಡೈತಿ?" ಎಂದರು.

"ನಮ್ಮ ಮನಿ ಉಸಾಬರಿ ನಿಮಗ್ಯಾಕ್ರಿ?" ಎಂದುಬಿಟ್ಟೆ. ನಾಲ್ಕು ತಿಂಗಳಲ್ಲಿ ನನಗೆ ಏನಾದರೂ ಅನ್ನಿಸಿದ್ದರೆ ಆ ಸಿಟ್ಟೊಂದೇ.

"ನಾಳೆ ಮುಂಜಾನಿ ಬಸ್ಸಿಗೆ ಹೋಗೂಣು" ಎಂದರು, ನಾನು ಏನೂ ಅಂದೇ ಇಲ್ಲವೆಂಬಂತೆ.

ಹತ್ತಿಯ ಸುಗ್ಗಿಯಲ್ಲಿ ಮಾರ್ಕೆಟ್ಟು ಬಿಟ್ಟು ನನ್ನ ಜೊತೆ ಆಲೂರಿಗೆ ಬಂದರು. ಅತ್ತೆ ನನ್ನನ್ನು ಮಾತಾಡಿಸಲಿಲ್ಲ, ಯಾಕೆ ಮಾತಾಡಿಸಬೇಕು? ತೊಟ್ಟಿಲ ಹತ್ತಿರ ನಿಂತೆ. ಕೂಸು ನನ್ನನ್ನು ನೋಡಿ ಅತ್ತಿತು. ಯಾರದೋ ಮನೆಯ ಕೂಸು ಅತ್ತಂತಿತ್ತು.

"ನನಗ ಏನೂ ಅನಸವಲ್ದು" ಎಂದು ಅವರಿಗೆ ಮೆಲ್ಲಗೆ ಹೇಳಿದೆ.

"ಇರ್ಲಿ ಬಿಡ್ರಿ. ಏನರ ಅನಸಿದ ಮ್ಯಾಲೆ ಎತ್ಕೋಬೇಕಂತ ಯಾರು ಹೇಳ್ಯಾರ? ಮೊದಲು ಎತ್ಕೋರಿ."

ಎತ್ತಿಕೊಂಡೆ. ಮುಂದಿನ ಭಾನುವಾರ ಒಬ್ಬನೇ ಹೋದೆ, ಅದರ ಮುಂದಿನ ಭಾನುವಾರವೂ. ಮಗು ನಡೆಯತೊಡಗಿದ ಮೇಲೆ ಅತ್ತೆಯೇ ಅದನ್ನು ಕರೆದುಕೊಂಡು ನನ್ನ ಜೊತೆ ಇರಲು ಆದೋನಿಗೆ ಬಂದರು.

ಮಗಳಿಗೆ ಐದು ತುಂಬಿದ ವರ್ಷ ದಲ್ಲಾಳಿಗಳು ಹೋದರು. ಬೆಳಗಿನ ಸ್ನಾನ ಮುಗಿಸಿ ಕೂತವರು ಏಳಲಿಲ್ಲ. ಬೀದಿಯೇ ಬಂದು ಅತ್ತಿತು. ನನ್ನ ಕಣ್ಣು ಅಂದೂ ಒಣಗಿಯೇ ಇತ್ತು, ಎದೆಯೊಳಗೂ ಏನೂ ಇರಲಿಲ್ಲ. ಮಗಳು ಅವರ ಕಾಲು ಹಿಡಿದು, "ತಾತಾ, ಏಳು" ಎಂದು ಬಿಕ್ಕುತ್ತಿದ್ದಳು. ನಾನು ಹೋಗಿ ಅವಳನ್ನು ಎತ್ತಿಕೊಂಡೆ.