ಬಿಳಿ ಬಿಟ್ಟ ಮೇಲೆ

ಎದುರು ಮನೆಯ ಸಿಸ್ಟರ್ ಮೂವತ್ತನಾಲ್ಕು ವರ್ಷ ಬಿಳಿ ಸಮವಸ್ತ್ರ ತೊಟ್ಟು ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದರು. ಮರುದಿನದಿಂದ, ಬೆಳಿಗ್ಗೆ ಎದ್ದು ಏನು ಹಾಕಿಕೊಳ್ಳಬೇಕೆಂಬುದೇ ಅವರಿಗೆ ದೊಡ್ಡ ತಲೆನೋವಾಯಿತು. ಹಾಲು ತರಲು ಹೊರಡುವ ಮುಂಚೆ ಮೂರು ಸಲ ಬಟ್ಟೆ ಬದಲಿಸುತ್ತಾರೆ. ಅಷ್ಟರಲ್ಲಿ ಅಂಗಡಿಯಲ್ಲಿ ಹಾಲೇ ಮುಗಿದಿರುತ್ತದೆ. ಸೋಮವಾರ ಪ್ಯಾಂಟು, ಕಪ್ಪು ಕನ್ನಡಕ ಹಾಕಿ ಕಾಲೇಜು ಹುಡುಗಿಯಂತೆ ಬಂದವರು ಮಂಗಳವಾರ ಅಜ್ಜಿಯಂತೆ ಬೂದು ಶಾಲು ಹೊದ್ದಿರುತ್ತಾರೆ. ಎರಡೂ ದಿನ ನಮ್ಮ ಬಾಗಿಲಲ್ಲಿ ನಿಂತು, “ನಿಜ ಹೇಳಿ, ಇದು ನಾನು ಅನ್ಸುತ್ತಾ?” ಎಂದು ಕೇಳುತ್ತಾರೆ. ನನ್ನ ಹೆಂಡತಿ ಚೆನ್ನಾಗಿದೆ ಎಂದರೆ ನಂಬುವುದಿಲ್ಲ. ನಾನು ಒಮ್ಮೆ ಮೇಲಿಂದ ಕೆಳಗೆ ನೋಡಿದರೆ ಸಾಕು, ಓಡಿಹೋಗಿ ಬದಲಿಸಿ ಬರುತ್ತಾರೆ. ಬಟ್ಟೆ ಅಂಗಡಿಯವನು “ನಿಮಗ್ಯಾವ ಬಣ್ಣ ಇಷ್ಟ?” ಎಂದಾಗ ಅಲ್ಲಿಂದಲೇ ತಂಗಿಗೆ ಫೋನ್ ಮಾಡಿದರು. “ಚಿಕ್ಕೋಳಿದ್ದಾಗ ನಂಗ್ಯಾವ ಬಣ್ಣ ಇಷ್ಟ ಇತ್ತೇ?” “ನೀನು ಯಾವತ್ತು ಹೇಳಿದ್ದೆ ಅಕ್ಕ?” ಎಂದಳು ತಂಗಿ. ಕೊನೆಗೆ ಏಳು ಬಣ್ಣದ ಏಳು ಅಂಗಿ ತಂದು, ಒಂದೊಂದಾಗಿ ದರ್ಜಿಗೆ ಒಯ್ದು, ಬಲಗಡೆ ಜೇಬು ಹೊಲಿಸತೊಡಗಿದರು. ಹಳದಿ ಹೂವಿನ ರೇಷ್ಮೆ ಅಂಗಿಗೂ ಜೇಬು ಬೇಕೆಂದಾಗ ನಾನೂ ಅಲ್ಲೇ ಇದ್ದೆ. “ಅಂದ ಕೆಡುತ್ತೆ ಸಿಸ್ಟರ್. ಅಷ್ಟಕ್ಕೂ ಅದರಲ್ಲಿ ಏನಿಡ್ತೀರಿ?” ಎಂದು ದರ್ಜಿ ತಲೆ ಕೆರೆದುಕೊಂಡ. “ಏನೂ ಇಡಲ್ಲಪ್ಪ,” ಎಂದರು ಸಿಸ್ಟರ್. “ಯಾರಾದ್ರೂ ಕೆಮ್ಮಿದ್ರೆ ಸಾಕು, ಥರ್ಮಾಮೀಟರ್ ತೆಗೆಯೋಕೆ ಕೈ ತಾನಾಗೇ ಹೋಗುತ್ತೆ. ಜೇಬೇ ಇಲ್ದಿದ್ರೆ ಅದು ಎಲ್ಲಿಗೆ ಹೋಗಬೇಕು, ನೀನೇ ಹೇಳು?”