ಒಂದೇ ಕಡೆ ಮಸೆದ ಚಾಕು

ನಮ್ಮ ಭಾವನ ಅಂಗಡಿಯ ಬೋರ್ಡಿನಲ್ಲಿ ಎರಡೇ ಸಾಲು. ಮೇಲೆ "ಚಾಕು, ಕತ್ತರಿ ಸಾಣೆ". ಕೆಳಗೆ "ಇಲ್ಲಿ ಹರಿತ ಮಾಡಿದ್ದು ವಾಪಸ್ ಬರುವುದಿಲ್ಲ". ಒಮ್ಮೆ ಮಸೆದು ಕೊಟ್ಟರೆ ಯಾರೂ ದೂರು ಹೊತ್ತುಕೊಂಡು ಮರಳಿ ಬರುವುದಿಲ್ಲ ಅನ್ನೋದು ಭಾವನ ಅರ್ಥ. ಹೊಸಬರು ಮಾತ್ರ ಓದಿ, "ಅಂದ್ರೆ ಕೊಟ್ಟ ಚಾಕು ನಮಗೆ ಸಿಗಲ್ವಾ?" ಅಂತ ಕೇಳುತ್ತಿದ್ದರು. ಆ ಸಾಲು ಅಳಿಸಿ ಅಂತ ನಾನು ಹತ್ತು ಸಲ ಹೇಳಿದ್ದೇನೆ. "ಅರ್ಥ ಆಗೋರಿಗೆ ಆಗುತ್ತೆ ಬಿಡೇ ಕತ್ತರಿ" ಅಂದು ಚಕ್ರ ತಿರುಗಿಸುತ್ತಿದ್ದರು.

ಕತ್ತರಿ ಅಂದರೆ ನಾನು. ಭಾವನ ಹೆಂಡತಿ ನನ್ನ ಅಕ್ಕ. ಸಾಣೆ ಅಂಗಡಿಗೆ ಅಂಟಿಕೊಂಡೇ ನನ್ನ ಹೊಲಿಗೆ ಅಂಗಡಿ. ಹೆಸರು ಬಂದದ್ದು ಕಸುಬಿನಿಂದಲೋ ನಾಲಿಗೆಯಿಂದಲೋ ಅಂತ ಕೇಳಿದರೆ, ಹೆಸರಿಟ್ಟ ಭಾವ ನಗುತ್ತಾರೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಅವರದು ಹಾಗಲ್ಲ. ನಲವತ್ತೊಂದು ವರ್ಷ ಅದೇ ಮೂರಡಿ ಅಗಲದ ಕೋಣೆಯಲ್ಲಿ, ಅದೇ ಕಾಲುತುಳಿ ಚಕ್ರದ ಮುಂದೆ, ಕಿಡಿ ಹಾರಿ ತೂತಾದ ಅದೇ ಏಪ್ರನ್ ಕಟ್ಟಿಕೊಂಡು ಕೂತ ಮನುಷ್ಯ. ಸಾಣೆ ಮುಗಿದ ಮೇಲೆ ಹಳೆಯ ಪೇಪರಿನ ಅಂಚನ್ನು ಅಲಗಿನ ಮೇಲೆ ಇಳಿಬಿಡುತ್ತಾರೆ. ಪೇಪರ್ ಸದ್ದಿಲ್ಲದೆ ಎರಡಾದರೆ, ಕೆಲಸ ಆಯಿತು.

ಈಗ ನನ್ನ ಕಳ್ಳತನ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎರಡು ವರ್ಷದಿಂದ ಭಾವನಿಗೆ ಅಲಗಿನ ತುದಿ ಕಾಣುತ್ತಿಲ್ಲ. ಅಡುಗೆ ಚಾಕುವಿನಲ್ಲಿ ಅದು ಗೊತ್ತಾಗುವುದಿಲ್ಲ, ಸೌತೆಕಾಯಿ ದೂರು ಕೊಡುವುದಿಲ್ಲ. ನನ್ನ ದೊಡ್ಡ ಕತ್ತರಿಯಲ್ಲಿ ಗೊತ್ತಾಗುತ್ತದೆ. ಬುಡದಿಂದ ಮುಕ್ಕಾಲು ಭಾಗ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ, ತುದಿಗೆ ಬಂದಾಗ ಬಟ್ಟೆಯನ್ನು ಅಗಿಯುತ್ತದೆ. "ತುದಿ ಬಂತಾ?" ಅಂತ ಭಾವ ಕೇಳುತ್ತಾರೆ. "ಬಂತು ಭಾವ" ಅನ್ನುತ್ತೇನೆ. ಆಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿ, ಕೊರಿಯರ್ ಚೀಲಕ್ಕೆ ಹಾಕಿ, ದೂರದ ಪೇಟೆಯ ಇನ್ನೊಬ್ಬ ಸಾಣೆಯವನಿಗೆ ಕಳಿಸುತ್ತೇನೆ. ಅಕ್ಕನಿಗೂ ಗೊತ್ತು. ಆ ಬೋರ್ಡಿನ ಕೆಳಗಿನ ಸಾಲೇ ಭಾವನ ಉಸಿರು. ಅದನ್ನು ಕೀಳುವ ಕೈ ನನ್ನದಾಗಬಾರದು ಅಂದುಕೊಂಡಿದ್ದೆ.

ಹೀಗಿರುವಾಗ ಮುಚ್ಚಿಹೋಗಿದ್ದ ಫೋಟೋ ಸ್ಟುಡಿಯೋ ಇದ್ದ ಜಾಗದಲ್ಲಿ ಜಪಾನಿ ಅಡುಗೆಯ ಸುಶಿ ಹೋಟೆಲು ಬಂತು. ಗಾಜಿನ ಬಾಗಿಲು, ಒಳಗೆ ಎಂಟೇ ಕುರ್ಚಿ, ಉದ್ದನೆಯ ಒಂದು ಮರದ ಹಲಗೆ. ಮೊದಲೇ ಹೇಳಿಟ್ಟವರಿಗೆ ಮಾತ್ರ ಊಟ. ಅನ್ನದ ಮೇಲೆ ಹಸಿ ಮೀನು ಇಟ್ಟು ಕೊಡುತ್ತಾರಂತೆ ಅಂತ ಕೇಳಿದ ಅಕ್ಕ, "ಹಾಗಾದ್ರೆ ನಾನು ಇಷ್ಟು ವರ್ಷ ಒಲೆ ಮುಂದೆ ಬೆಂದಿದ್ದು ದಂಡ ಆಯ್ತಲ್ಲೇ!" ಅಂದಳು.

ಒಂದು ಸೋಮವಾರ ಆ ಹೋಟೆಲಿನ ಪಾತ್ರೆ ತೊಳೆಯುವ ಹೆಂಗಸು ಮೂರು ಚಾಕು ತಂದು ಭಾವನ ಮುಂದಿಟ್ಟಳು. ಬಾಣಸಿಗ ಊರಲ್ಲಿರಲಿಲ್ಲ. "ಹರಿತ ಮಾಡಿಸಿಡು ಅಂದಿದಾರೆ" ಅಂದಳು, ಅಷ್ಟೇ. ಎರಡು ಸಾಮಾನ್ಯ ಚಾಕು. ಮೂರನೆಯದು ಮೊಳದುದ್ದ, ಸಪೂರ, ಮರದ ಹಿಡಿ. ಭಾವ ಅದನ್ನು ತಿರುಗಿಸಿ ನೋಡಿ, ನನ್ನನ್ನು ಕೂಗಿ ಕರೆದರು.

"ನೋಡೇ ಕತ್ತರಿ, ಎಂಥ ಉಕ್ಕು! ಯಾವನೋ ಸೋಮಾರಿ ಒಂದೇ ಕಡೆ ಮಸೆದು ಬಿಟ್ಟಿದಾನೆ. ಅರ್ಧ ಗಡ್ಡ ಬೋಳಿಸಿ ಎಬ್ಬಿಸಿ ಕಳಿಸಿದ ಹಾಗೆ."

ಅವತ್ತು ಇಡೀ ಮಧ್ಯಾಹ್ನ ಬೇರೆ ಕೆಲಸ ಮುಟ್ಟಲಿಲ್ಲ. ಚಪ್ಪಟೆಯಾಗಿದ್ದ ಇನ್ನೊಂದು ಮೈಯನ್ನೂ ಇಳಿಜಾರಾಗಿ ಮಸೆದು, ಎರಡೂ ಕಡೆ ಸಮ ಮಾಡಿ, ಪೇಪರ್ ಇಳಿಬಿಟ್ಟು, ಬಿಳಿ ಬಟ್ಟೆಯಲ್ಲಿ ಸುತ್ತಿ ತಾವೇ ಹೋಗಿ ಕೊಟ್ಟು ಬಂದರು. ಅಷ್ಟು ಖುಷಿಯಾಗಿ ನಾನು ಅವರನ್ನು ನೋಡಿ ಬಹಳ ದಿನವಾಗಿತ್ತು.

ಬುಧವಾರ ಬಾಣಸಿಗನೇ ಬಂದ. ಮೂವತ್ತೈದರ ಆಚೀಚೆ ವಯಸ್ಸು, ಕಡಿಮೆ ಮಾತು. "ಎರಡು ಚಾಕು ಉಪಯೋಗಿಸಿದೆ, ತುಂಬಾ ಚೆನ್ನಾಗಿದೆ" ಅಂದ. "ಉದ್ದದ್ದನ್ನ ಇನ್ನೂ ಬಿಚ್ಚಿಲ್ಲ. ಅದು ನನ್ನ ಗುರುಗಳು ಕೊಟ್ಟಿದ್ದು, ದಿನಾ ಬಳಸಲ್ಲ. ಭಾನುವಾರ ಮಧ್ಯಾಹ್ನ ನೀವು ಮನೆಯವರನ್ನ ಕರ್ಕೊಂಡು ಊಟಕ್ಕೆ ಬನ್ನಿ. ನಿಮ್ಮ ಮುಂದೇನೇ ಅದನ್ನ ಬಿಚ್ಚಿ, ಮೊದಲ ತುಂಡು ನಿಮಗೇ ಕೊಡ್ತೀನಿ."

ಭಾವ ಕಿವಿಯವರೆಗೆ ನಕ್ಕರು. ಆ ನಗು ಶುಕ್ರವಾರದವರೆಗೆ ಉಳಿಯಿತು.

ಶುಕ್ರವಾರ ಮಾರ್ಕೆಟ್ಟಿನ ಮೀನಿನವನು ತನ್ನ ಕತ್ತಿ ತಂದಿದ್ದ. ಹೋಟೆಲಿಗೆ ಮೀನು ಹಾಕುವವನೂ ಅವನೇ. ಮಾತಿಗೆ ಮಾತು ಬಂದು, "ಆ ಯಪ್ಪನ ಚಾಕು ನೋಡಿದೀರಾ? ಒಂದೇ ಕಡೆ ಬಾಯಿ. ಇನ್ನೊಂದು ಮೈ ಕನ್ನಡಿ ಥರ ಚಪ್ಪಟೆ ಇರಬೇಕಂತೆ. ಅಲ್ಲಿಗೆ ಸಾಣೆ ತಾಗಿಸಿದ್ರೆ ಮೀನು ನೆಟ್ಟಗೆ ಕೊಯ್ಯಲ್ಲ, ಮುಗೀತು ಕಥೆ ಅಂತಿದ್ದ" ಅಂದ. ಚಕ್ರ ನಿಂತ ಸದ್ದು ನನ್ನ ಅಂಗಡಿಗೆ ಕೇಳಿಸಿತು.

ಮೀನಿನವನು ಹೋದ ಮೇಲೆ ಭಾವ ನನ್ನ ಬಾಗಿಲಲ್ಲಿ ಬಂದು ನಿಂತರು. "ಕತ್ತರಿಯ ಒಳಮೈಗೆ ಕಲ್ಲು ತಾಗಿಸಬಾರದು ಅಂತ ನಿನಗೆ ಹೇಳಿಕೊಟ್ಟಿದ್ದು ಯಾರು?" ಅಂದರು.

"ನೀವೇ."

"ನೋಡು ಮತ್ತೆ. ಕತ್ತರಿಯಲ್ಲಿ ಗೊತ್ತಿದ್ದದ್ದು ಚಾಕುವಿನಲ್ಲಿ ಹೊಳೀಲಿಲ್ಲ."

ಆ ಎರಡು ದಿನ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಹೊಟ್ಟೆ ಕೆಟ್ಟಿದೆ ಅಂತ ಹೇಳಿ ಕಳಿಸೋಣ ಅಂದಳು ಅಕ್ಕ. ಅದು ಮೊದಲೇ ಹಾಗಿತ್ತು ಅನ್ನಿ, ಪಾತ್ರೆ ತೊಳೆಯೋಳು ಕಲ್ಲಿಗೆ ಉಜ್ಜಿರಬೇಕು ಅನ್ನಿ ಅಂದೆ ನಾನು. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು, ಆದರೂ ಹೇಳಿದೆ. ಭಾವನಿಗೆ ಎರಡೂ ಹಿಡಿಸಲಿಲ್ಲ. ಹೇಳಿದರೆ ನಲವತ್ತೊಂದು ವರ್ಷದ ಮಾತು ಹೋಗುತ್ತದೆ, ಹೇಳದಿದ್ದರೆ ಚಾಕುವೇ ಹೇಳುತ್ತದೆ. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ನನ್ನ ಭಯ ಇನ್ನೊಂದು. ಇದೊಂದು ಬಿಚ್ಚಿಕೊಂಡರೆ, ಇದರ ಹಿಂದೆ ನನ್ನ ಕೊರಿಯರ್ ಚೀಲವೂ ಬಿಚ್ಚಿಕೊಳ್ಳುತ್ತದೆ ಅಂತ.

ಭಾನುವಾರ ಹನ್ನೆರಡೂವರೆಗೆ ನಾವು ಮೂವರೂ ಆ ಗಾಜಿನ ಬಾಗಿಲು ತಳ್ಳಿದೆವು. ಹಲಗೆಯ ಆ ತುದಿಯಲ್ಲಿ ಆಗಲೇ ನಮ್ಮ ಬೀದಿಯ ಹಲ್ಲಿನ ಡಾಕ್ಟರೂ ಅವರ ಹೆಂಡತಿಯೂ ಕೂತಿದ್ದರು. ಡಾಕ್ಟರ್ ಭಾವನನ್ನು ನೋಡಿ, "ಓಹೋ, ವಾಪಸ್ ಬಾರದವರು ಬಂದರು!" ಅಂದರು. ಬೇರೆ ದಿನವಾಗಿದ್ದರೆ ಭಾವ ನಗುತ್ತಿದ್ದರು. ಅವತ್ತು ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೈ ತಾನಾಗಿ ಕಾಲರಿಗೆ ಹೋಯಿತು.

ಒಳಗೆ ಎಷ್ಟು ಸದ್ದಿಲ್ಲವೆಂದರೆ ಫ್ರಿಜ್ಜಿನ ಗುಂಯ್ ಕೇಳಿಸುತ್ತಿತ್ತು. ಬಿಸಿ ಒದ್ದೆ ಟವೆಲ್ ಕೊಟ್ಟರು. ಭಾವ ಅದರಲ್ಲಿ ಕನ್ನಡಕ ಒರೆಸಿಕೊಂಡರು, ಗಾಜು ಪೂರ್ತಿ ಮಂಜಾಯಿತು. ತಿನ್ನಲು ಕೊಟ್ಟ ಎರಡು ಕಡ್ಡಿಗಳನ್ನು ಅಕ್ಕ ಹೆಣಿಗೆ ಹಾಕುವವಳ ಹಾಗೆ ಹಿಡಿದುಕೊಂಡಿದ್ದಳು. "ಕೈಯಲ್ಲೇ ತಿನ್ನಬಹುದಮ್ಮ" ಅಂದ ಬಾಣಸಿಗ. "ಬದುಕಿದೆ" ಅಂದಳು ಅಕ್ಕ.

ಒಬ್ಬೊಬ್ಬರಿಗೆ ಹನ್ನೆರಡು ತುತ್ತು, ಒಂದೊಂದಾಗಿ. ಬಾಣಸಿಗ ಅಂಗೈಯಲ್ಲಿ ಅನ್ನ ಒತ್ತಿ, ಮೇಲೆ ಮೀನಿನ ಹೋಳು ಮಲಗಿಸಿ, ನಮ್ಮ ಮುಂದೆ ಇಡುತ್ತಿದ್ದ. ಅನ್ನಕ್ಕೆ ಸ್ವಲ್ಪ ಹುಳಿ, ಮೀನು ತಣ್ಣಗೆ, ನಾಲಿಗೆಯ ಮೇಲೆ ಕರಗುತ್ತಿತ್ತು. ಚೆನ್ನಾಗಿತ್ತು ಅಂತ ಈಗ ಅನಿಸುತ್ತದೆ. ಆಗ ರುಚಿ ನೋಡುವ ಪುರುಸೊತ್ತು ಯಾರಿಗಿತ್ತು? ಅಕ್ಕ ಪಕ್ಕದಲ್ಲಿಟ್ಟಿದ್ದ, ಮೂಗಿಗೆ ಏರುವ ಖಾರದ ಹಸಿರು ಮುದ್ದೆಯನ್ನು ಚಟ್ನಿ ಅಂದುಕೊಂಡು ಹಚ್ಚಿಕೊಂಡು ಇಂಗು ತಿಂದ ಮಂಗನ ಹಾಗಾದಳು. ಅದಕ್ಕೂ ನನಗೆ ನಗು ಬರಲಿಲ್ಲ. ಬಾಣಸಿಗನ ಹಿಂದಿನ ಕಪಾಟಿನಲ್ಲಿ ಭಾವ ಸುತ್ತಿಕೊಟ್ಟ ಬಿಳಿ ಬಟ್ಟೆ, ಅವರು ಹಾಕಿದ ಗಂಟು ಸಮೇತ ಹಾಗೇ ಇತ್ತು. ಭಾವ ಅದರಿಂದ ಕಣ್ಣು ಕೀಳಲಿಲ್ಲ. ಎಂಟು, ಒಂಬತ್ತು, ಹತ್ತು. ನಾನು ತುತ್ತು ಎಣಿಸುತ್ತಿದ್ದೆ.

ಹನ್ನೊಂದನೆಯದು ಮುಗಿದಾಗ ಬಾಣಸಿಗ ಕೈ ತೊಳೆದು ಒರೆಸಿಕೊಂಡ. ಫ್ರಿಜ್ಜಿನಿಂದ ಬೆಳ್ಳಿ ಬಣ್ಣದ ಮೀನಿನ ತುಂಡು ತೆಗೆದು ಹಲಗೆಯ ಮೇಲಿಟ್ಟ. ಆಮೇಲೆ ಆ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, "ಇವರು ನಮ್ಮೂರಿನ ಸಾಣೆಯವರು" ಅಂತ ಡಾಕ್ಟರ ಕಡೆ ನೋಡಿ ಶುರುಮಾಡಿದ.

"ತಡೀರಿ" ಅಂದರು ಭಾವ.

ಎದ್ದು ನಿಂತಿದ್ದರು. ಅಕ್ಕ ಅವರ ಅಂಗಿಯ ಅಂಚು ಹಿಡಿದು ಎಳೆದಳು, ಕೂರಲಿಲ್ಲ.

"ಅದನ್ನ ನಾನು ಹಾಳು ಮಾಡಿದೀನಿ. ಒಂದೇ ಕಡೆ ಮಸೆದಿದ್ದು ನೋಡಿ, ಯಾರೋ ಅರ್ಧ ಕೆಲಸ ಬಿಟ್ಟಿದಾರೆ ಅಂದುಕೊಂಡು ಇನ್ನೊಂದು ಕಡೇನೂ ಮಸೆದೆ. ತಪ್ಪು ಅಂತ ಶುಕ್ರವಾರ ಗೊತ್ತಾಯ್ತು. ಅವತ್ತೇ ಬಂದು ಹೇಳಬೇಕಿತ್ತು. ಧೈರ್ಯ ಆಗಲಿಲ್ಲ."

ಬಾಣಸಿಗ ಗಂಟು ಬಿಚ್ಚಿದ. ಅಲಗನ್ನು ದೀಪದ ಕಡೆ ಹಿಡಿದು, ತಿರುಗಿಸಿ, ಹೆಬ್ಬೆರಳನ್ನು ಆ ಮೈಯ ಮೇಲೆ ಮೆಲ್ಲಗೆ ಎಳೆದ. ಅವನ ಮುಖದ ಬಣ್ಣ ಇಳಿದದ್ದು ಕಾಣಿಸಿತು. "ಅಯ್ಯೋ ಬಿಡಿ, ಚಾಕು ತಾನೆ" ಅಂದರು ಡಾಕ್ಟರ್. ಅವರ ಹೆಂಡತಿ ಅವರ ಕೈ ಚಿವುಟಿದರು. ಬಾಣಸಿಗ ಮೀನಿನ ಮೇಲೆ ಅಲಗಿಟ್ಟು ಒಂದೇ ಒಂದು ಸಲ ಎಳೆದ. ಅದು ನೆಟ್ಟಗೆ ಹೋಗದೆ ಓರೆಯಾಗಿ ಹೊರಳಿತು. ಹೋಳಿನ ಒಂದು ಕಡೆ ದಪ್ಪ, ಇನ್ನೊಂದು ಕಡೆ ಹರಿದ ಅಂಚು. ಆ ಹೋಳನ್ನು ತಾನೇ ಬಾಯಿಗೆ ಹಾಕಿಕೊಂಡ.

"ನಾನು ಹೇಳಿ ಕಳಿಸಬೇಕಿತ್ತು" ಅಂದ.

"ನಾನು ಕೇಳಬೇಕಿತ್ತು" ಅಂದರು ಭಾವ. ಎರಡೂ ಕೈ ಮುಂದೆ ಚಾಚಿದರು. "ವಾಪಸ್ ಕೊಡಿ. ಆ ಮೈಯನ್ನ ಮತ್ತೆ ಚಪ್ಪಟೆಗೆ ತರ್ತೀನಿ. ಚಕ್ರ ಬೇಡ, ಕೈಕಲ್ಲಲ್ಲಿ. ಅಗಲ ಒಂದು ಕೂದಲು ಎರಡು ಕೂದಲು ಕಮ್ಮಿ ಆಗುತ್ತೆ, ಅದನ್ನ ತಂದುಕೊಡೋಕೆ ನನ್ನಿಂದಾಗಲ್ಲ."

ಬಾಣಸಿಗ ಕೊಡಲಿಲ್ಲ. ಚಾಕುವನ್ನೇ ನೋಡುತ್ತ ನಿಂತ. ಬೇಡ ಅನ್ನುತ್ತಾನೆ, ಇನ್ನು ಈ ಊರಲ್ಲಿ ಭಾವ ತಲೆ ಎತ್ತುವುದಿಲ್ಲ ಅಂತ ನಾನು ಉಗುರು ಕಚ್ಚಿದೆ. ಕೊನೆಗೆ ಬಟ್ಟೆಯಲ್ಲಿ ಮತ್ತೆ ಸುತ್ತಿ, ಅದೇ ಗಂಟು ಹಾಕಿ, ಭಾವನ ಕೈಮೇಲಿಟ್ಟ. "ಮಂಗಳವಾರ ನನಗೆ ರಜೆ. ಮಸೆಯುವಾಗ ಪಕ್ಕದಲ್ಲಿ ಕೂತಿರ್ತೀನಿ."

"ಕೂತ್ಕೊಳ್ಳಿ. ತಪ್ಪಿದ್ರೆ ಅಲ್ಲೇ ಹೇಳಿ."

ಹನ್ನೆರಡನೆಯ ತುತ್ತನ್ನು ಬೇರೆ ಚಾಕುವಿನಲ್ಲಿ ಕೊಯ್ದು ಕೊಟ್ಟ. ಭಾವ ಅದೊಂದನ್ನು ಮಾತ್ರ ನಿಧಾನವಾಗಿ ಅಗಿದು ತಿಂದರು.

ವಾಪಸ್ ನಡೆಯುವಾಗ ಬಟ್ಟೆ ಅವರ ಕಂಕುಳಲ್ಲಿತ್ತು. ಬಿಸಿಲಿಗೆ ರಸ್ತೆ ಖಾಲಿ. ಅಕ್ಕ ಮುಂದೆ ಹೋಗುತ್ತಿದ್ದಳು. "ನಲವತ್ತೊಂದು ವರ್ಷದಲ್ಲಿ ವಾಪಸ್ ಬಂದಿದ್ದು ಇದೊಂದೇ" ಅಂದರು ಭಾವ. "ಅಲ್ವೇನೇ ಕತ್ತರಿ?"

"ಹೂಂ" ಅಂದೆ.

ಆ ಹೂಂ ನನ್ನನ್ನು ಮನೆಯವರೆಗೆ ಬಿಡಲಿಲ್ಲ, ಹಾಸಿಗೆಯಲ್ಲೂ ಬಿಡಲಿಲ್ಲ. ಎಂಟು ಕುರ್ಚಿಯ ಮುಂದೆ ಎದ್ದು ನಿಂತು ತನ್ನ ತಪ್ಪು ಹೇಳಿದ ಮನುಷ್ಯನಿಗೆ ನಾನು ಹೂಂ ಅಂದಿದ್ದೆ. ಊರೆಲ್ಲ ಹೆದರುವ ನಾಲಿಗೆ ನನ್ನದು, ಬೇಕಾದ ಕಡೆ ಮೊಂಡಾಗಿತ್ತು.

ಬೆಳಗ್ಗೆ ಅಂಗಡಿ ತೆಗೆದವಳೇ ಕತ್ತರಿ ಎತ್ತಿಕೊಂಡು ಪಕ್ಕಕ್ಕೆ ಹೋದೆ. ಹೋದ ವಾರವಷ್ಟೇ ಭಾವ ಮಸೆದುಕೊಟ್ಟದ್ದು, ಇನ್ನೂ ಕೊರಿಯರಿಗೆ ಹಾಕಿರಲಿಲ್ಲ. ಅವರ ಮುಂದಿನ ಹಲಗೆಯ ಮೇಲೆ ಇಟ್ಟೆ.

"ಭಾವ, ಇದೂ ವಾಪಸ್."

ಒಂದು ಚಿಂದಿ ತೆಗೆದುಕೊಂಡು ಕತ್ತರಿಸಿದರು. ಮುಕ್ಕಾಲು ಭಾಗ ಸಲೀಸು. ತುದಿಯಲ್ಲಿ ಬಟ್ಟೆ ಮಡಚಿ ಸಿಕ್ಕಿಕೊಂಡಿತು. ಇನ್ನೊಮ್ಮೆ ನೋಡಿದರು. ಮತ್ತೆ ಸಿಕ್ಕಿಕೊಂಡಿತು.

"ಎಷ್ಟು ದಿನದಿಂದ?"

"ಎರಡು ವರ್ಷ."

ಅವರಿಗೆ ಕೋಪ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. "ಮೊನ್ನೆ ಮೊನ್ನೆ ಊರಿಗೆ ಬಂದವನು ನನ್ನ ಕೆಲಸ ನನಗೆ ವಾಪಸ್ ಕೊಟ್ಟ" ಅಂದರು. "ನೀನು ನಮ್ಮ ಮನೆಯ ಹುಡುಗಿ."

ನನಗೆ ಅಳು ಬಂತು. ಅದನ್ನು ಅವರು ನೋಡಿದರೋ ಇಲ್ಲವೋ ಗೊತ್ತಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಹಾಕಿಕೊಂಡರು, ಕತ್ತರಿಯ ತಿರುಪು ಬಿಚ್ಚಿದರು, ಕಾಲಲ್ಲಿ ಸ್ಟೂಲನ್ನು ನನ್ನ ಕಡೆ ತಳ್ಳಿದರು. ಕೂತೆ. ಕೈಕಲ್ಲಿಗೆ ನೀರು ಹಾಕಿ ಅಲಗಿನ ತುದಿಯನ್ನು ಇಟ್ಟು ಎಳೆದರು, ನಾಲ್ಕು ಸಲ, ಐದು ಸಲ. ಒರೆಸಿ ನನ್ನ ಕಣ್ಣ ಹತ್ತಿರ ಹಿಡಿದರು.

"ತುದಿ ಬಂತಾ?"

ಬಗ್ಗಿ ನೋಡಿದೆ. "ಇಲ್ಲ ಭಾವ" ಅಂದೆ. "ಇನ್ನೊಂದ್ಸಲ."